ಬ್ರಿಟ್ನಿ ಸ್ಪಿಯರ್ಸ್ ಎರಡನೆಯ ಆಲ್ಬಮ್: ನಿಜಕ್ಕೂ ಮೊದಲನೆಯದರ ನಕಲೇ?

ಹಳೇಕ್ಯಾಸೆಟ್:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಅಟ್ಟವನ್ನು ಚೊಕ್ಕಗೊಳಿಸುವಾಗ ನನ್ನ ಹದಿಹರೆಯದ ಕ್ಯಾಸೆಟ್ಟುಗಳ ಡಬ್ಬಿ ಸಿಕ್ಕಿತು. ಅದರಲ್ಲಿ ಬ್ರಿಟ್ನಿ ಸ್ಪಿಯರ್ಸ್ ಅವರ ಮೊದಲ ಎರಡು ಆಲ್ಬಮ್‌ಗಳಿದ್ದವು. ಕ್ಯಾಸೆಟ್ ಹಾಕುವ ಯಂತ್ರ ಈಗ ಮನೆಯಲ್ಲಿಲ್ಲವಾದ್ದರಿಂದ ಎರಡರ ಶೀರ್ಷಿಕೆ ಗೀತೆಗಳನ್ನೂ ಫೋನಿನಲ್ಲೇ ಒಂದರ ಹಿಂದೊಂದು ಹಾಕಿ ಕೇಳುತ್ತ ಕುಳಿತೆ. ಹದಿನಾಲ್ಕು ವರ್ಷದ ಮಗಳು ಪಕ್ಕದ ಕೋಣೆಯಿಂದಲೇ, "ಅಪ್ಪಾ, ಒಂದೇ ಹಾಡನ್ನು ಎಷ್ಟು ಸಲ ಹಾಕುತ್ತೀರಿ?" ಎಂದು ಕೇಳಿದಳು. ಎರಡೂ ಬೇರೆ ಬೇರೆ ಹಾಡುಗಳೆಂದು ವಾದಿಸಲು ಹೊರಟವನಿಗೆ ನಡುವೆಯೇ ಅನುಮಾನ ಬಂತು.

ಮೊದಲ ಆಲ್ಬಮ್ '...ಬೇಬಿ ಒನ್ ಮೋರ್ ಟೈಮ್' 1999ರ ಜನವರಿಯಲ್ಲಿ ಬಂತು. ಎರಡನೆಯದಾದ 'ಊಪ್ಸ್!... ಐ ಡಿಡ್ ಇಟ್ ಅಗೇನ್' 2000ದ ಮೇ ತಿಂಗಳಲ್ಲಿ, ಅಂದರೆ ಹದಿನಾರೇ ತಿಂಗಳ ಅಂತರದಲ್ಲಿ, ಬಂತು. ಆಗ ಗಾಯಕಿಗೆ ಹದಿನೆಂಟು ವರ್ಷ. ಹೆಸರಿನಲ್ಲೇ 'ಮತ್ತೆ ಅದನ್ನೇ ಮಾಡಿದೆ' ಎಂದು ಒಪ್ಪಿಕೊಂಡಿರುವ ಆಲ್ಬಮ್ ಇದು. ನನ್ನ ಪ್ರಶ್ನೆ ಇಷ್ಟೇ: ಗೆದ್ದ ಅಚ್ಚಿನಲ್ಲಿಯೇ ಮತ್ತೊಂದು ಇಟ್ಟಿಗೆ ಹೊಯ್ದರು ಎಂದು ಅಂದಿನ ವಿಮರ್ಶಕರು ಹೇಳಿದ್ದರಲ್ಲ, ಅದು ನ್ಯಾಯವಾದ ಮಾತೇ? ಅಥವಾ ಹದಿಹರೆಯದ ಗಾಯಕಿಯ ಎರಡನೆಯ ಆಲ್ಬಮ್ ಎಂದ ಕೂಡಲೇ ಎಲ್ಲರೂ ಒಂದೇ ತಕ್ಕಡಿಯನ್ನು ಕೈಗೆತ್ತಿಕೊಳ್ಳುತ್ತಾರೆಯೇ?

ಅಡ್ಡಪಲ್ಲವಿ:
ನಿಮ್ಮ ಮಗಳು ಸರಿಯಾಗಿಯೇ ಹೇಳಿದ್ದಾಳೆ. ಚರ್ಚೆಯನ್ನು ಇಲ್ಲಿಗೇ ಮುಗಿಸಬಹುದು.

ಶ್ರುತಿಪೆಟ್ಟಿಗೆ:
ಅಡ್ಡಪಲ್ಲವಿಯವರು ಮುಗಿಸಿದರೂ ನಾನು ಮುಗಿಸುವುದಿಲ್ಲ. ಎರಡೂ ಹಾಡುಗಳನ್ನು ನಾನು ಕೀಬೋರ್ಡಿನಲ್ಲಿ ನುಡಿಸಿ ನೋಡಿದ್ದೇನೆ. ಮೊದಲನೆಯದು ಸಿ ಮೈನರ್, ಎರಡನೆಯದು ಸಿ ಶಾರ್ಪ್ ಮೈನರ್. ನಮ್ಮ ಹಾರ್ಮೋನಿಯಂ ಭಾಷೆಯಲ್ಲಿ ಹೇಳುವುದಾದರೆ ಬಿಳಿ ಒಂದರಲ್ಲಿದ್ದ ಶ್ರುತಿಯನ್ನು ಕಪ್ಪು ಒಂದಕ್ಕೆ ಏರಿಸಿದಂತೆ. ಲಯವೂ ಹಾಗೆಯೇ: ನಿಮಿಷಕ್ಕೆ 93 ಬಡಿತಗಳಿದ್ದದ್ದು 95ರ ಹತ್ತಿರಕ್ಕೆ ಬಂದಿದೆ. ಚರಣದಲ್ಲಿ ಧ್ವನಿಯನ್ನು ಗಂಟಲಿನಲ್ಲೇ ಹಿಡಿದು ಗೊಗ್ಗರಾಗಿ ಹಾಡುವುದು, ಪಲ್ಲವಿಗೆ ಬಂದಾಗ ಅದೇ ಧ್ವನಿಯ ಹಲವು ಪದರಗಳನ್ನು ಒಂದರ ಮೇಲೊಂದು ಹೇರಿ ಗೋಡೆ ಕಟ್ಟುವುದು, ಕೊನೆಯ ಭಾಗದಲ್ಲಿ ವಾದ್ಯಗಳನ್ನು ಹಿಂದಕ್ಕೆ ಸರಿಸಿ ಮತ್ತೆ ಒಮ್ಮೆಲೇ ನುಗ್ಗಿಸುವುದು, ಈ ಎಲ್ಲ ತಂತ್ರಗಳೂ ಎರಡಕ್ಕೂ ಸಮಾನ. ಆದ್ದರಿಂದ ಕಿವಿಗೆ ಒಂದೇ ಹಾಡಿನಂತೆ ಕೇಳಿಸಿದರೆ ಅದು ಕಿವಿಯ ತಪ್ಪಲ್ಲ.

ಆದರೆ ಇದು ಸೋಮಾರಿತನದ ಫಲವಲ್ಲ ಎಂಬುದನ್ನೂ ಸೇರಿಸುತ್ತೇನೆ. ಎರಡೂ ಶೀರ್ಷಿಕೆ ಗೀತೆಗಳು ಸ್ಟಾಕ್‌ಹೋಮ್‌ನ ಶೈರಾನ್ ಸ್ಟುಡಿಯೋದಲ್ಲಿ, ಹಾಡು ಬರೆದು ನಿರ್ಮಿಸುವ ಮ್ಯಾಕ್ಸ್ ಮಾರ್ಟಿನ್ ಮತ್ತು ಅವರ ಸಂಗಡಿಗರ ಕೈಯಲ್ಲಿ ತಯಾರಾದವು. ಅಲ್ಲಿ ಮಾಧುರ್ಯವೇ ಮೊದಲು, ಪದಗಳು ಆಮೇಲೆ. ಪದಗಳ ಅರ್ಥಕ್ಕಿಂತ ಅವುಗಳ ಸ್ವರಾಕ್ಷರಗಳು ರಾಗಕ್ಕೆ ಹೇಗೆ ಕೂರುತ್ತವೆ ಎಂಬುದೇ ಅವರಿಗೆ ಮುಖ್ಯ. ಎರಕದ ಅಚ್ಚು ಅಷ್ಟು ನಿಖರವಾಗಿದ್ದಾಗ ಅದರಿಂದ ಹೊರಬರುವ ವಿಗ್ರಹಗಳು ಅಣ್ಣತಮ್ಮಂದಿರಂತೆ ಕಾಣುವುದು ಸಹಜ.

ಪಟ್ಟಿಪಂಡಿತ:
ಮಾರಾಟದ ಅಂಕಿಗಳನ್ನು ಮೇಜಿನ ಮೇಲಿಡುತ್ತೇನೆ. ಬಿಡುಗಡೆಯಾದ ಮೊದಲ ವಾರದಲ್ಲಿ ಅಮೆರಿಕ ಒಂದರಲ್ಲೇ 'ಊಪ್ಸ್' ಆಲ್ಬಮ್‌ನ ಸುಮಾರು 13.19 ಲಕ್ಷ ಪ್ರತಿಗಳು ಮಾರಾಟವಾದವು. ಮಹಿಳಾ ಕಲಾವಿದರೊಬ್ಬರ ಮೊದಲ ವಾರದ ಮಾರಾಟದಲ್ಲಿ ಅದು ದಾಖಲೆಯಾಗಿತ್ತು. 2005ರ ಹೊತ್ತಿಗೆ ಅಮೆರಿಕದಲ್ಲಿ ಒಂದು ಕೋಟಿ ಪ್ರತಿಗಳ ಡೈಮಂಡ್ ಮಾನ್ಯತೆಯೂ ದೊರಕಿತು. ಜನರ ಸ್ವಾಗತ ಎಂದರೆ ಇದೇ. ವಿಮರ್ಶಕರು ಏನು ಬರೆದರೆಂಬುದು ಆಮೇಲಿನ ಮಾತು.

ಒಂಟಿಸಾಲು:
ಆ ದಾಖಲೆ ಇಂದಿಗೂ ಹಾಗೆಯೇ ಉಳಿದಿದೆ ಎಂದು ಕೇಳಿದ್ದೇನೆ.

ಪಟ್ಟಿಪಂಡಿತ:
ಉಳಿದಿಲ್ಲ. 2015ರ ನವೆಂಬರ್‌ನಲ್ಲಿ ಅಡೆಲ್ ಅವರ '25' ಮೊದಲ ವಾರದಲ್ಲೇ ಸುಮಾರು 33.8 ಲಕ್ಷ ಪ್ರತಿಗಳನ್ನು ಮಾರಿ ಅದನ್ನು ಬಹಳ ಹಿಂದಕ್ಕೆ ಹಾಕಿತು. ಅದಕ್ಕೂ ಮುನ್ನ 2014ರಲ್ಲಿ ಟೇಲರ್ ಸ್ವಿಫ್ಟ್ ಅವರ '1989' ಸುಮಾರು 12.87 ಲಕ್ಷಕ್ಕೆ ತಲುಪಿ ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತ್ತು. ಹದಿನೆಂಟರ ಹುಡುಗಿಯೊಬ್ಬಳ ದಾಖಲೆ ಹದಿನೈದು ವರ್ಷ ಬಾಳಿತೆಂಬುದೇ ದೊಡ್ಡ ಸಂಗತಿ.

ಅಡ್ಡಪಲ್ಲವಿ:
ಪಂಡಿತರೇ, ಅರ್ಧ ಅಂಕಿಗಳನ್ನು ಮಾತ್ರ ಹೇಳುತ್ತಿದ್ದೀರಿ. ಆ ಆಲ್ಬಮ್ ಅಮೆರಿಕದ ಪಟ್ಟಿಯ ಮೊದಲ ಸ್ಥಾನದಲ್ಲಿ ಕುಳಿತದ್ದು ಒಂದೇ ವಾರ. ಮರುವಾರವೇ ಎಮಿನೆಮ್ 17 ಲಕ್ಷಕ್ಕೂ ಮೀರಿದ ಮಾರಾಟದೊಂದಿಗೆ ಬಂದು ಅದನ್ನು ಕೆಳಗಿಳಿಸಿದರು. ಶೀರ್ಷಿಕೆ ಗೀತೆಯಾದರೂ ಅಮೆರಿಕದ ಹಾಟ್ 100 ಪಟ್ಟಿಯಲ್ಲಿ ಒಂಬತ್ತನೆಯ ಸ್ಥಾನವನ್ನು ದಾಟಲಿಲ್ಲ. ಹಿಂದಿನ ಆಲ್ಬಮ್‌ನ ಶೀರ್ಷಿಕೆ ಗೀತೆ ಅದೇ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಮೊದಲ ವಾರದ ಮಾರಾಟವೆಂಬುದು ಹಿಂದಿನ ಆಲ್ಬಮ್‌ಗೆ ಜನರು ತಡವಾಗಿ ಹಾಕಿದ ಓಟು. ಹೊಸದನ್ನು ಇನ್ನೂ ಯಾರೂ ಕೇಳಿಯೇ ಇರುವುದಿಲ್ಲವಲ್ಲ!

ಪಟ್ಟಿಪಂಡಿತ:
ತಡವಾದ ಓಟು ಎಂಬ ಮಾತನ್ನು ಒಪ್ಪುತ್ತೇನೆ, ಚೆನ್ನಾಗಿದೆ. ಆದರೆ ಒಂಬತ್ತನೆಯ ಸ್ಥಾನದ ವಿಚಾರದಲ್ಲಿ ತಮ್ಮ ತರ್ಕ ಜಾರುತ್ತದೆ. ಆ ಕಾಲದಲ್ಲಿ ಅಮೆರಿಕದ ಸಂಗೀತ ಕಂಪನಿಗಳು ಜನಪ್ರಿಯ ಹಾಡನ್ನು ಬಿಡಿಯಾಗಿ ಮಾರದೆ, ಬೇಕಿದ್ದವರು ಇಡೀ ಆಲ್ಬಮ್ಮನ್ನೇ ಕೊಳ್ಳಲಿ ಎಂದು ಹಿಡಿದಿಟ್ಟುಕೊಳ್ಳುವುದು ಸಾಮಾನ್ಯವಾಗಿತ್ತು. ಹಾಟ್ 100 ಪಟ್ಟಿಯೋ ಬಿಡಿ ಹಾಡಿನ ಮಾರಾಟ ಮತ್ತು ರೇಡಿಯೋ ಪ್ರಸಾರ ಎರಡನ್ನೂ ಕೂಡಿಸಿ ಲೆಕ್ಕ ಹಾಕುತ್ತಿತ್ತು. ಬಿಡಿ ಹಾಡುಗಳು ಧಾರಾಳವಾಗಿ ಮಾರಾಟವಾಗುತ್ತಿದ್ದ ಬ್ರಿಟನ್ನಿನಲ್ಲಿ ಇದೇ ಹಾಡು ಮೊದಲ ಸ್ಥಾನಕ್ಕೇರಿತು. ಪಟ್ಟಿಯ ಸ್ಥಾನ ಹಾಡಿನ ಬಗ್ಗೆ ಎಷ್ಟು ಹೇಳುತ್ತದೆಯೋ ಮಾರುವ ಪದ್ಧತಿಯ ಬಗ್ಗೆಯೂ ಅಷ್ಟೇ ಹೇಳುತ್ತದೆ.

ಇನ್ನೊಂದು ಮಾತು. 2000ನೇ ಇಸವಿ ಅಮೆರಿಕದಲ್ಲಿ ಸಿಡಿ ವ್ಯಾಪಾರದ ಶಿಖರ. ಆ ಒಂದು ವರ್ಷದಲ್ಲಿ ಅಲ್ಲಿನ ಕಂಪನಿಗಳು 94 ಕೋಟಿಗೂ ಹೆಚ್ಚು ಸಿಡಿಗಳನ್ನು ಅಂಗಡಿಗಳಿಗೆ ಕಳುಹಿಸಿದ್ದವು. ಬ್ರಿಟ್ನಿಯವರ ಜೈವ್ ಸಂಸ್ಥೆಯೇ ಅದೇ ಮಾರ್ಚ್‌ನಲ್ಲಿ ಎನ್‌ಸಿಂಕ್ ತಂಡದ ಆಲ್ಬಮ್ಮನ್ನು ಮೊದಲ ವಾರದಲ್ಲಿ 24 ಲಕ್ಷದಷ್ಟು ಮಾರಿತ್ತು. ನೆರೆ ಬಂದಾಗ ಎಲ್ಲ ದೋಣಿಗಳೂ ಮೇಲಿರುತ್ತವೆ ಎಂದು ಯಾರಾದರೂ ಹೇಳಿದರೆ ನಾನು ತಕರಾರು ಮಾಡುವುದಿಲ್ಲ.

ಸಂಜೆಗತ್ತಲು:
ಅಂಕಿಗಳ ನಡುವೆ ಮೂಲ ಪ್ರಶ್ನೆ ಕಳೆದುಹೋಗುತ್ತಿದೆ. ಹಳೇಕ್ಯಾಸೆಟ್ ಅವರು ಕೇಳಿದ್ದು ನಕಲೇ ಅಲ್ಲವೇ ಎಂದು. ಶ್ರುತಿಪೆಟ್ಟಿಗೆಯವರು ರಾಗವನ್ನು ತೂಗಿದರು, ಹಾಡುತ್ತಿರುವವಳು ಏನು ಹೇಳುತ್ತಿದ್ದಾಳೆ ಎಂಬುದನ್ನು ಮಾತ್ರ ಯಾರೂ ಕೇಳಿಸಿಕೊಂಡಿಲ್ಲ. ಮೊದಲ ಹಾಡಿನಲ್ಲಿ ಆಕೆ ಬಿಟ್ಟುಹೋದ ಹುಡುಗನನ್ನು ಅಂಗಲಾಚುತ್ತಾಳೆ. ಒಂಟಿತನ ಕೊಲ್ಲುತ್ತಿದೆ, ಏನಾದರೂ ಸೂಚನೆ ಕೊಡು ಎನ್ನುತ್ತಾಳೆ. ಎರಡನೆಯ ಹಾಡಿನಲ್ಲಿ ಅಂಗಲಾಚುವ ಸ್ಥಾನದಲ್ಲಿ ಹುಡುಗನಿದ್ದಾನೆ. ಆಕೆ ಅವನ ಮನಸ್ಸಿನೊಡನೆ ಆಟವಾಡಿ, ತುಟಿಯಂಚಿನಲ್ಲಿ ಕ್ಷಮೆ ಕೇಳಿ, ತಾನು ಅಷ್ಟೇನೂ ಮುಗ್ಧಳಲ್ಲ ಎಂದು ಸಾರುತ್ತಾಳೆ. ಸಂಗೀತ ಒಂದೇ ಆಗಿದ್ದು ಪಾತ್ರಗಳು ಮಾತ್ರ ಅದಲುಬದಲಾಗಿರುವುದನ್ನು ನಕಲು ಎನ್ನುತ್ತೀರೋ, ಪ್ರತ್ಯುತ್ತರ ಎನ್ನುತ್ತೀರೋ?

ಅದೇ ಆಲ್ಬಮ್‌ನಲ್ಲಿ 'ಸ್ಟ್ರಾಂಗರ್' ಎಂಬ ಹಾಡಿದೆ. ಅದರ ಪಲ್ಲವಿಯಲ್ಲಿ ಒಂಟಿತನ ತನ್ನನ್ನು ಇನ್ನು ಕೊಲ್ಲುತ್ತಿಲ್ಲ ಎಂಬ ಸಾಲು ಬರುತ್ತದೆ. ಮೊದಲ ಆಲ್ಬಮ್‌ನ ಅತ್ಯಂತ ಪ್ರಸಿದ್ಧ ಸಾಲನ್ನು ಎತ್ತಿಕೊಂಡು ಅದಕ್ಕೆ ನೇರವಾಗಿ 'ಇಲ್ಲ' ಎಂದದ್ದು ಅದು. ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ.

ಅಡ್ಡಪಲ್ಲವಿ:
ಅಮ್ಮಣ್ಣಿ, ಆ ಸಾಲನ್ನು ಬರೆದವರು ಮ್ಯಾಕ್ಸ್ ಮಾರ್ಟಿನ್ ಮತ್ತು ರಾಮಿ ಯಾಕೂಬ್. ಉತ್ತರ ಕೊಟ್ಟವರು ಇಬ್ಬರು ಸ್ವೀಡನ್ನಿನ ಗಂಡಸರು. ಇಡೀ ಆಲ್ಬಮ್‌ನಲ್ಲಿ ಬ್ರಿಟ್ನಿಯವರ ಹೆಸರು ರಚನೆಯಲ್ಲಿ ಕಾಣಿಸುವುದು 'ಡಿಯರ್ ಡೈರಿ' ಎಂಬ ಕೊನೆಯ ಒಂದು ಹಾಡಿನಲ್ಲಿ, ಅದೂ ಬೇರೆಯವರ ಜೊತೆಯಲ್ಲಿ. ಮಿಕ್ಕ ಹಾಡುಗಳಿಗೆ ಯಾರು ಯಾರು ಕೈಹಾಕಿದ್ದಾರೆ ನೋಡಿ: ಡಯೇನ್ ವಾರನ್, ಶನಾಯಾ ಟ್ವೇನ್, ಅವರ ಆಗಿನ ಪತಿ ಮಟ್ ಲ್ಯಾಂಗ್. ರೋಲಿಂಗ್ ಸ್ಟೋನ್ಸ್ ತಂಡದ 1965ರ ಹಾಡನ್ನೂ ರಾಡ್ನಿ ಜರ್ಕಿನ್ಸ್ ಅವರಿಂದ ಹೊಸದಾಗಿ ಹೊಲಿಸಿ ತೊಡಿಸಿದ್ದಾರೆ. ಇಷ್ಟು ಜನ ಸೇರಿ ಬೇಯಿಸಿದ ಅಡುಗೆಗೆ ಬಡಿಸಿದವಳ ಹೆಸರಿಡುವುದು ಯಾವ ನ್ಯಾಯ?

ಸಂಜೆಗತ್ತಲು:
ಮೊದಲನೆಯದಾಗಿ, ದಯವಿಟ್ಟು ಅಮ್ಮಣ್ಣಿ ಎನ್ನಬೇಡಿ. ನನಗೂ ಐವತ್ತರ ಹತ್ತಿರವಾಗಿದೆ. ಎರಡನೆಯದಾಗಿ, ನಾಟಕದ ಮಾತುಗಳನ್ನು ಬೇರೊಬ್ಬರು ಬರೆದಿದ್ದಾರೆಂದು ನಟಿಯ ಅಭಿನಯವನ್ನು ಅಲ್ಲಗಳೆಯುತ್ತೀರಾ? ಆ ಗೊಗ್ಗರು ದನಿ, ಸ್ವರಾಕ್ಷರಗಳನ್ನು ತಿರುಚಿ ಎಳೆಯುವ ಆ ಬಗೆ, ಅದನ್ನು ತೆಗೆದುಬಿಟ್ಟರೆ ಸ್ಟಾಕ್‌ಹೋಮ್‌ನ ಹಾಡುಗಳು ಬರೀ ನಕ್ಷೆ. ಆಕೆಯನ್ನು ಅನುಕರಿಸಿ ಎಷ್ಟು ಹುಡುಗಿಯರು ಹಾಡಿದರೆಂಬುದು ಆ ದಶಕದ ರೇಡಿಯೋ ಕೇಳಿದವರಿಗೆಲ್ಲ ಗೊತ್ತು.

ಅಡ್ಡಪಲ್ಲವಿ:
ಕ್ಷಮಿಸಿ ಮೇಡಂ, ವಯಸ್ಸು ತಿಳಿದಿರಲಿಲ್ಲ. ಧ್ವನಿಯ ವಿಚಾರವನ್ನು ಒಪ್ಪಿದೆ, ಉಳಿದದ್ದನ್ನು ಒಪ್ಪಿಲ್ಲ.

ಮೂರನೇಚರಣ:
ಸ್ವತಃ ಬರೆದಿದ್ದರೆ ವಿಮರ್ಶಕರು ಮೆಚ್ಚುತ್ತಿದ್ದರು ಎಂಬ ನಂಬಿಕೆಯೊಂದು ಇಲ್ಲಿ ಸುಳಿದಾಡುತ್ತಿರುವಂತಿದೆ. ಆದ್ದರಿಂದ ಡೆಬ್ಬಿ ಗಿಬ್ಸನ್ ಅವರನ್ನು ನೆನಪಿಸುತ್ತೇನೆ. ಅವರು ತಮ್ಮ ಹಾಡುಗಳನ್ನು ತಾವೇ ಬರೆಯುತ್ತಿದ್ದರು. 1988ರಲ್ಲಿ ಹದಿನೇಳನೆಯ ವಯಸ್ಸಿಗೇ ತಾವೇ ಬರೆದು, ತಾವೇ ನಿರ್ಮಿಸಿ, ತಾವೇ ಹಾಡಿದ 'ಫೂಲಿಶ್ ಬೀಟ್' ಹಾಡನ್ನು ಅಮೆರಿಕದ ಮೊದಲ ಸ್ಥಾನಕ್ಕೇರಿಸಿದ್ದರು. 1989ರಲ್ಲಿ ಬಂದ ಅವರ ಎರಡನೆಯ ಆಲ್ಬಮ್ 'ಎಲೆಕ್ಟ್ರಿಕ್ ಯೂತ್' ಐದು ವಾರ ಪಟ್ಟಿಯ ತುದಿಯಲ್ಲಿತ್ತು. ಬಂದ ಹೊಗಳಿಕೆ ಎಷ್ಟು? ಮಕ್ಕಳ ಸಂಗೀತವೆಂಬ ಮೂದಲಿಕೆಯೇ ಹೆಚ್ಚು. ಮುಂದಿನ ಆಲ್ಬಮ್ 41ನೆಯ ಸ್ಥಾನದಲ್ಲಿ ನಿಂತುಬಿಟ್ಟಿತು. ಬರೆಯದಿದ್ದರೆ ಗೊಂಬೆ, ಬರೆದರೆ ಬಾಲಿಶ. ಹೀಗೆ ಎರಡೂ ಕಡೆ ಬೀಗ ಹಾಕಿದ ಮನೆಯಿದು.

ಅದೇ ಕಾಲದ ಟಿಫನಿ ಅವರ ಕಥೆ ಇನ್ನೂ ಕಹಿ. ಷಾಪಿಂಗ್ ಮಾಲ್‌ಗಳ ನಡುವೆ ನಿಂತು ಹಾಡಿ ಹೆಸರು ಮಾಡಿದ ಹುಡುಗಿಯ ಮೊದಲ ಆಲ್ಬಮ್ ಒಂದನೆಯ ಸ್ಥಾನಕ್ಕೇರಿತು, 1988ರ ಎರಡನೆಯ ಆಲ್ಬಮ್ 17ಕ್ಕೆ ನಿಂತಿತು. ಆಕೆಯ ಕಾರ್ಯಕ್ರಮಗಳಲ್ಲಿ ಮೊದಲಿಗೆ ಹಾಡಿ ಹೋಗುತ್ತಿದ್ದ ನ್ಯೂ ಕಿಡ್ಸ್ ಆನ್ ದ ಬ್ಲಾಕ್ ತಂಡದ ಹುಡುಗರು ವರ್ಷ ಕಳೆಯುವುದರೊಳಗೆ ಎಷ್ಟು ಬೆಳೆದರೆಂದರೆ, ಅವರ ಕಾರ್ಯಕ್ರಮದಲ್ಲಿ ಈಕೆ ಮೊದಲಿಗೆ ಹಾಡಬೇಕಾಯಿತು. ಎರಡನೆಯ ಆಲ್ಬಮ್ ಎಂದರೆ ಏನೆಂದು ತಿಳಿಯಲು ಇದಕ್ಕಿಂತ ಉದಾಹರಣೆ ಬೇಕೇ?

ಒಂಟಿಸಾಲು:
ಅಲಾನಿಸ್ ಮೊರಿಸೆಟ್ ಅವರನ್ನು ನೋಡಿ, ಮೊದಲ ಆಲ್ಬಮ್‌ನಲ್ಲೇ ಜಗತ್ತನ್ನು ಗೆದ್ದರು, ಯಾವ ಅಚ್ಚೂ ಬೇಕಾಗಲಿಲ್ಲ.

ಪಟ್ಟಿಪಂಡಿತ:
ಒಂಟಿಸಾಲು ಅವರೇ, ಎರಡನೆಯ ಬಾರಿ ಸಿಕ್ಕಿಬಿದ್ದಿದ್ದೀರಿ. 1995ರ 'ಜ್ಯಾಗ್ಡ್ ಲಿಟಲ್ ಪಿಲ್' ಅವರ ಮೂರನೆಯ ಆಲ್ಬಮ್. ಅದಕ್ಕೂ ಮುಂಚೆ ಅವರು ಕೆನಡಾದಲ್ಲಿ ಹದಿಹರೆಯದ ನೃತ್ಯಪಾಪ್ ಗಾಯಕಿಯಾಗಿದ್ದರು. 1991ರಲ್ಲಿ ಮೊದಲನೆಯದು ಬಂದು ಅಲ್ಲಿ ಹೆಚ್ಚಿನ ಮಾರಾಟಕ್ಕೆ ಕೊಡುವ ಪ್ಲಾಟಿನಂ ಮಾನ್ಯತೆ ಪಡೆಯಿತು. 1992ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ ಬಂದ ಎರಡನೆಯ ಆಲ್ಬಮ್ ಅಷ್ಟು ಮಾರಾಟವಾಗಲಿಲ್ಲ, ಕಂಪನಿಯೊಂದಿಗಿನ ಒಪ್ಪಂದವೂ ಅಲ್ಲಿಗೆ ಮುಗಿಯಿತು. ಆಮೇಲೆ ಬಂದದ್ದನ್ನೇ ಕೆನಡಾದ ಹೊರಗಿನ ಜಗತ್ತು ಮೊದಲನೆಯದೆಂದು ತಿಳಿದುಕೊಂಡಿತು.

ಒಂಟಿಸಾಲು:
ಇನ್ನು ಮುಂದೆ ಹುಡುಕಿ ನೋಡಿ ಬರೆಯುತ್ತೇನೆ.

ಮೂರನೇಚರಣ:
ಬೇಸರಿಸಿಕೊಳ್ಳಬೇಡಿ, ನಿಮ್ಮ ತಪ್ಪಿನಿಂದಲೇ ಒಳ್ಳೆಯ ಉದಾಹರಣೆ ಸಿಕ್ಕಿತು. ಅಲಾನಿಸ್ ಅವರ ಎರಡನೆಯ ಆಲ್ಬಮ್ ಸೋತದ್ದರಿಂದಲೇ ಅವರಿಗೆ ಹೊಸ ಮನುಷ್ಯಳಾಗಿ ಬರುವ ಅವಕಾಶ ದೊರಕಿತು. ಬ್ರಿಟ್ನಿಯವರ ಎರಡನೆಯದು ಗೆದ್ದದ್ದರಿಂದ ಆ ಬಾಗಿಲು ಮುಚ್ಚಿತು. ಗೆಲುವೂ ಒಂದು ಬಗೆಯ ಕಟ್ಟುಪಾಡಲ್ಲವೇ?

ಉತ್ತರಧ್ರುವ:
ಸ್ಟಾಕ್‌ಹೋಮ್‌ನ ಪ್ರಸ್ತಾಪ ಬಂದಿರುವುದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ತಾಳ್ಮೆಯಿರಲಿ.

ಬ್ರಿಟ್ನಿಯವರಿಗಿಂತ ಮುಂಚೆಯೇ ಮ್ಯಾಕ್ಸ್ ಮಾರ್ಟಿನ್ ಅವರ ಹಾಡನ್ನು ಅಮೆರಿಕದ ಮೊದಲ ಹತ್ತರೊಳಗೆ ಒಯ್ದ ಹದಿಹರೆಯದ ಗಾಯಕಿಯೊಬ್ಬಳು ಸ್ವೀಡನ್ನಿನಲ್ಲಿದ್ದಳು. ಆಕೆಯ ಹೆಸರು ರಾಬಿನ್. ಮೊದಲ ಆಲ್ಬಮ್ 1995ರಲ್ಲಿ, ಹದಿನಾರನೆಯ ವಯಸ್ಸಿಗೆ ಬಂತು. ಎರಡು ವರ್ಷದ ಬಳಿಕ ಅದರ 'ಷೋ ಮಿ ಲವ್' ಅಮೆರಿಕದಲ್ಲಿ ಏಳನೆಯ ಸ್ಥಾನ ತಲುಪಿತು. ಎರಡನೆಯ ಆಲ್ಬಮ್ 'ಮೈ ಟ್ರೂತ್' 1999ರಲ್ಲಿ ಸ್ವೀಡನ್ನಿನಲ್ಲಿ ಬಿಡುಗಡೆಯಾಯಿತು. ಆಗ ಆಕೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅದರಲ್ಲಿ ಆಕೆ ತಾನು ಮಾಡಿಸಿಕೊಂಡ ಗರ್ಭಪಾತದ ಬಗ್ಗೆ ಹಾಡಿದ್ದಳು. ಅಮೆರಿಕದ ಕಂಪನಿಯವರು ಆ ಹಾಡುಗಳನ್ನು ಬದಲಿಸಬೇಕೆಂದರು, ಆಕೆ ಒಪ್ಪಲಿಲ್ಲ, ಆಲ್ಬಮ್ ಅಲ್ಲಿ ಬಿಡುಗಡೆಯಾಗಲೇ ಇಲ್ಲ. ಸ್ವದೇಶದಲ್ಲಿ ಅದಕ್ಕೆ ಒಳ್ಳೆಯ ಸ್ವಾಗತವೇ ದೊರಕಿತ್ತು ಎಂಬುದನ್ನೂ ಹೇಳಬೇಕು. 2005ರಲ್ಲಿ ಆಕೆ ತನ್ನದೇ ಕಂಪನಿ ಕಟ್ಟಿಕೊಂಡು ತನ್ನ ದಾರಿ ಹಿಡಿದಳು.

ಇದನ್ನು ಏಕೆ ಹೇಳುತ್ತಿದ್ದೇನೆಂದರೆ, 'ಆಕೆ ಬೇರೆ ಬಗೆಯ ಆಲ್ಬಮ್ ಮಾಡಬೇಕಿತ್ತು' ಎನ್ನುವವರು ಹಾಗೆ ಮಾಡಿದವರಿಗೆ ಏನಾಯಿತೆಂಬುದನ್ನು ನೋಡುವುದಿಲ್ಲ. ನಕಲು ಎಂಬ ಬೈಗುಳ ತಿಂದ ಆಲ್ಬಮ್ ಒಂದು ಕೋಟಿ ಮಾರಾಟವಾಯಿತು. ನಿಜ ಹೇಳಿದ ಆಲ್ಬಮ್ ಅಮೆರಿಕದ ಅಂಗಡಿಯ ಮುಖವನ್ನೇ ಕಾಣಲಿಲ್ಲ. ಎರಡನ್ನೂ ಹಾಡಿದವರು ಹದಿಹರೆಯದವರು, ನಡುವಿನ ಅಂತರ ಒಂದೇ ವರ್ಷ.

ಶೈರಾನ್ ಬಗ್ಗೆಯೂ ಒಂದು ಮಾತು. ಅದನ್ನು ಕಟ್ಟಿದ ಡೆನಿಸ್ ಪಾಪ್ 1998ರ ಆಗಸ್ಟ್‌ನಲ್ಲಿ ಮೂವತ್ತೈದರ ವಯಸ್ಸಿಗೇ ತೀರಿಕೊಂಡರು. 2000ದಲ್ಲಿ ಸ್ಟುಡಿಯೋ ಬಾಗಿಲು ಹಾಕಿತು. ಹಾಗಾಗಿ 'ಊಪ್ಸ್' ಆ ಮನೆಯ ಕೊನೆಯ ದೊಡ್ಡ ಹಬ್ಬಗಳಲ್ಲೊಂದು. ಅದರಲ್ಲಿ ಹೊಸತನವಿಲ್ಲ ಎನ್ನುವವರಿಗೆ ನನ್ನ ಉತ್ತರವೆಂದರೆ, ಒಂದು ಕುಶಲಕಲೆ ತನ್ನ ಪರಿಪೂರ್ಣತೆ ತಲುಪಿದಾಗ ಹೊಸತಾಗಿ ಕಾಣುವುದಿಲ್ಲ, ಸಲೀಸಾಗಿ ಕಾಣುತ್ತದೆ.

ಅಡ್ಡಪಲ್ಲವಿ:
ರಾಬಿನ್ ವಿಷಯ ನನಗೆ ತಿಳಿದಿರಲಿಲ್ಲ. ಆದರೂ ಇದು ಸಂಗೀತ ಕಂಪನಿಯ ಮೇಲಿನ ದೂರಾಯಿತೇ ವಿನಾ 'ಊಪ್ಸ್' ಪರವಾದ ವಾದವಾಗಲಿಲ್ಲ. ಕೇಳುಗನಾಗಿ ನನಗೆ ಬೇಕಾದದ್ದು ಆಲ್ಬಮ್. ಅದರ ದ್ವಿತೀಯಾರ್ಧದ ನಿಧಾನಗತಿಯ ಹಾಡುಗಳನ್ನು ತಾವು ಯಾರಾದರೂ ಈಚೆಗೆ ಕೇಳಿದ್ದೀರಾ? ಸಕ್ಕರೆ ಪಾಕ ಗಟ್ಟಿಯಾಗಿ ಚಮಚವೇ ಅಲ್ಲಾಡದ ಸ್ಥಿತಿ.

ಶ್ರುತಿಪೆಟ್ಟಿಗೆ:
ಇದಕ್ಕೆ ನನ್ನ ಪೂರ್ಣ ಸಹಮತವಿದೆ. ಆ ಕಾಲದ ಹದಿಹರೆಯದ ಪಾಪ್ ಆಲ್ಬಮ್‌ಗಳಲ್ಲಿ ನಾಲ್ಕೈದು ಗಟ್ಟಿ ಹಾಡುಗಳನ್ನು ಮುಂದಿಟ್ಟು, ಉಳಿದ ಜಾಗವನ್ನು ತುಂಬಿಸುವುದು ರೂಢಿಯಾಗಿತ್ತು. ಸಿಡಿಗೆ ಪೂರ್ತಿ ಹಣ ಕೊಟ್ಟವನು ಹಿಂದಿನ ಹಾಡುಗಳನ್ನು ತಡವಾಗಿಯಾದರೂ ಕೇಳುತ್ತಾನೆಂಬ ಧೈರ್ಯ. ಆದರೆ ಲ್ಯಾಂಗ್ ದಂಪತಿಗಳು ಬರೆದ 'ಡೋಂಟ್ ಲೆಟ್ ಮಿ ಬಿ ದ ಲಾಸ್ಟ್ ಟು ನೋ' ಹಾಡನ್ನು ಮಾತ್ರ ಆ ಪಾಕದಿಂದ ಹೊರಗಿಡಿ. ಅಲ್ಲಿ ಆಕೆ ಉಸಿರನ್ನು ತಡೆಹಿಡಿದು ಹಾಡುವ ಬಗೆಯನ್ನು ನಾನು ಹಲವು ಬಾರಿ ಕೇಳಿದ್ದೇನೆ.

ಸಂಜೆಗತ್ತಲು:
ವಿಮರ್ಶಕರೆಲ್ಲ ತೆಗಳಿದರು ಎಂಬ ಕಲ್ಪನೆಯೂ ಪೂರ್ತಿ ಸರಿಯಲ್ಲ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಐದಕ್ಕೆ ಮೂರೂವರೆ ನಕ್ಷತ್ರ ಕೊಟ್ಟಿತ್ತು. 2001ರ ಗ್ರ್ಯಾಮಿಯಲ್ಲಿ ಉತ್ತಮ ಪಾಪ್ ಗಾಯನ ಆಲ್ಬಮ್‌ಗೆ ನಾಮನಿರ್ದೇಶನವೂ ಆಗಿತ್ತು. ಗೆದ್ದವರು ಸ್ಟೀಲಿ ಡ್ಯಾನ್. ಶೀರ್ಷಿಕೆ ಗೀತೆಗೂ ನಾಮನಿರ್ದೇಶನ ದೊರಕಿ, ಅಲ್ಲಿ ಮೇಸಿ ಗ್ರೇ ಗೆದ್ದರು. ನನ್ನ ತಕರಾರು ಏನೆಂದರೆ, ಹೊಗಳಿದವರೂ ಎಡಗೈಯಿಂದಲೇ ಹೊಗಳಿದರು. ಚೆನ್ನಾಗಿದೆ ಎಂದು ಒಪ್ಪಿಕೊಳ್ಳುವ ಮುನ್ನ ಇದು ಅಗ್ಗದ ಮಾಲು ಎಂದು ಒಂದು ಸಾಲು ಬರೆಯದಿದ್ದರೆ ತಮ್ಮ ಘನತೆಗೆ ಕುಂದು ಎಂಬಂತಿತ್ತು ಆ ಬರಹಗಳ ಧಾಟಿ. ಹಾಡಿಗಿಂತ ಹೆಚ್ಚು ಚರ್ಚೆಯಾದದ್ದು ಆಕೆಯ ಉಡುಪು. 2000ದ ಸೆಪ್ಟೆಂಬರ್‌ನಲ್ಲಿ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಸೂಟು ಕಳಚಿ ಮೈಬಣ್ಣದ ಉಡುಪಿನಲ್ಲಿ ಕುಣಿದದ್ದನ್ನು ಇಂದಿಗೂ ನೆನಪಿಸಿಕೊಳ್ಳುತ್ತಾರೆ. ಅಂದು ಆಕೆ ಹಾಡಿದ ಎರಡು ಹಾಡುಗಳು ಯಾವುವೆಂದು ಕೇಳಿ ನೋಡಿ, ಅರ್ಧ ಜನರಿಗೆ ಹೇಳಲಾಗದು.

ಒಂಟಿಸಾಲು:
ರೋಲಿಂಗ್ ಸ್ಟೋನ್ಸ್ ತಂಡದ ಹಳೆಯ ಹಾಡು, ಅದರ ಬೆನ್ನಿಗೇ 'ಊಪ್ಸ್'. ಈ ಬಾರಿ ಹುಡುಕಿ ನೋಡಿಯೇ ಬರೆಯುತ್ತಿದ್ದೇನೆ.

ಸಂಜೆಗತ್ತಲು:
ಭೇಷ್.

ಮೂರನೇಚರಣ:
'ಲಕ್ಕಿ' ಹಾಡಿನ ಬಗ್ಗೆ ಯಾರೂ ಮಾತೆತ್ತಿಲ್ಲವಲ್ಲ. ಜಗತ್ತೆಲ್ಲ ಅದೃಷ್ಟವಂತೆ ಎನ್ನುವ ತಾರೆಯೊಬ್ಬಳು ರಾತ್ರಿಯಾದರೆ ಒಬ್ಬಳೇ ಅಳುತ್ತಾಳೆ ಎಂಬ ಕಥೆ ಅದು. ಅದರ ವೀಡಿಯೋದಲ್ಲಿ ತಾರೆಯೂ ಬ್ರಿಟ್ನಿಯೇ, ಆಕೆಯ ಕಥೆಯನ್ನು ದೂರ ನಿಂತು ಹೇಳುವವಳೂ ಬ್ರಿಟ್ನಿಯೇ. ಬಂದಾಗ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ, ಅಮೆರಿಕದ ಪಟ್ಟಿಯಲ್ಲಿ 23ಕ್ಕೆ ನಿಂತಿತು. ಆಮೇಲೆ 2008ರಿಂದ 2021ರವರೆಗೆ, ಹದಿಮೂರು ವರ್ಷಗಳ ಕಾಲ, ಆಕೆಯ ಹಣ, ಕೆಲಸ, ಬದುಕು ಎಲ್ಲವೂ ನ್ಯಾಯಾಲಯ ನೇಮಿಸಿದ ಪಾಲಕತ್ವದ ಅಡಿಯಲ್ಲಿದ್ದವು. ಅದನ್ನು ತಿಳಿದ ಮೇಲೆ ಈ ಹಾಡನ್ನು ಹಿಂದಿನಂತೆ ಕೇಳಲು ನನ್ನಿಂದ ಆಗುತ್ತಿಲ್ಲ. ಎರಡನೆಯ ಆಲ್ಬಮ್ಮಿಗೆ ನಿಜವಾದ ಸ್ವಾಗತ ಸಿಕ್ಕಿದ್ದು ಇಪ್ಪತ್ತು ವರ್ಷ ತಡವಾಗಿ ಎಂದೇ ನನ್ನ ಅನಿಸಿಕೆ.

ಅಡ್ಡಪಲ್ಲವಿ:
ಇದು ಹಿನ್ನೋಟದ ಕನ್ನಡಕ. ತಾರೆಯ ಕಣ್ಣೀರು ಎಂಬುದು ಹಾಡು ಬರೆಯುವವರ ಉಗ್ರಾಣದಲ್ಲಿ ಸದಾ ಸಿಗುವ ದಿನಸಿ. ಬರೆದವರು ಆಕೆಯ ಜಾತಕ ನೋಡಿ ಬರೆಯಲಿಲ್ಲ.

ಮೂರನೇಚರಣ:
ಜಾತಕ ನೋಡಿ ಬರೆದರೆಂದು ನಾನು ಹೇಳಿಲ್ಲ. ಹದಿನೆಂಟರ ಹುಡುಗಿಯ ಕೈಗೆ ಆ ಹಾಡನ್ನು ಕೊಟ್ಟಾಗ, ಇದು ನಿನಗೆ ಸರಿಹೊಂದುತ್ತದೆ ಎಂದು ಯಾರಿಗೋ ಅನಿಸಿತ್ತಲ್ಲ? ಅಷ್ಟೇ ನನ್ನ ಮಾತು. ಕೇಳುಗರ ಬದುಕು ಬದಲಾದಂತೆ ಹಾಡಿನ ಅರ್ಥ ಬದಲಾಗುವುದನ್ನು ತಡೆಯಲು ತಮಗೂ ಸಾಧ್ಯವಿಲ್ಲ, ನನಗೂ ಸಾಧ್ಯವಿಲ್ಲ.

ಅಡ್ಡಪಲ್ಲವಿ:
ಇದಕ್ಕೆ ಸುಮ್ಮನಿರುತ್ತೇನೆ. ಸುಮ್ಮನಿರುವುದನ್ನು ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಪಟ್ಟಿಪಂಡಿತ:
ಇಂದಿನವರ ಜೊತೆ ಹೋಲಿಸುವ ಆಸೆಯಿರುವವರಿಗೆ ಒಂದು ಎಚ್ಚರಿಕೆ. ಬಿಲ್ಲಿ ಐಲಿಷ್ ಅವರ ಎರಡನೆಯ ಆಲ್ಬಮ್ 'ಹ್ಯಾಪಿಯರ್ ದ್ಯಾನ್ ಎವರ್' 2021ರ ಜುಲೈ ಕೊನೆಯಲ್ಲಿ ಬಂದಾಗ ಅವರಿಗೆ ಹತ್ತೊಂಬತ್ತು. ಮೊದಲ ವಾರದ ಅಂಕಿ 2.38 ಲಕ್ಷ, ಪಟ್ಟಿಯಲ್ಲಿ ಮೊದಲ ಸ್ಥಾನ. ಇದನ್ನು 13.19 ಲಕ್ಷದ ಪಕ್ಕದಲ್ಲಿಟ್ಟು ನಗಬೇಡಿ. 2014ರ ಕೊನೆಯಿಂದ ಅಮೆರಿಕದ ಆಲ್ಬಮ್ ಪಟ್ಟಿಯಲ್ಲಿ ಆನ್‌ಲೈನಿನಲ್ಲಿ ಕೇಳಿದ್ದನ್ನೂ ಆಲ್ಬಮ್ ಮಾರಾಟಕ್ಕೆ ಸಮ ಮಾಡಿ ಕೂಡಿಸುತ್ತಾರೆ. ಆರಂಭದಲ್ಲಿ 1,500 ಬಾರಿ ಕೇಳಿದರೆ ಒಂದು ಆಲ್ಬಮ್ ಎಂಬ ಲೆಕ್ಕವಿತ್ತು, 2018ರಲ್ಲಿ ಅದು ಹಣ ಕೊಟ್ಟು ಕೇಳುವವರಿಗೆ 1,250, ಉಚಿತವಾಗಿ ಕೇಳುವವರಿಗೆ 3,750 ಎಂದಾಯಿತು. ಅಂದು ಎಣಿಸುತ್ತಿದ್ದದ್ದು ಕೊಂಡವರನ್ನು, ಇಂದು ಎಣಿಸುವುದು ಮತ್ತೆ ಮತ್ತೆ ಕೇಳುವವರನ್ನು.

ಶ್ರುತಿಪೆಟ್ಟಿಗೆ:
ಬಿಲ್ಲಿಯವರ ವಿಚಾರದಲ್ಲಿ ನಮ್ಮ ಮೂಲ ಪ್ರಶ್ನೆಗೆ ಸಂಬಂಧಿಸಿದ ಸಂಗತಿಯೊಂದಿದೆ. ಅವರು ಎರಡನೆಯದಕ್ಕೂ ತಮ್ಮ ಅಣ್ಣ ಫಿನಿಯಾಸ್ ಅವರ ಜೊತೆಯೇ ಕುಳಿತರು. ಒಬ್ಬರೇ ಸಂಗೀತಗಾರ ಎರಡೂ ಆಲ್ಬಮ್ ಮಾಡಿದರೆಂದು ಯಾರೂ ಅವರನ್ನು ದೂರಲಿಲ್ಲ. ಅದನ್ನು ನಿರಂತರತೆ ಎಂದರು. ಬ್ರಿಟ್ನಿಯವರು ಅದೇ ಸ್ವೀಡನ್ನಿನವರ ಬಳಿಗೆ ಮರಳಿದ್ದನ್ನು ಮಾತ್ರ ಕಾರ್ಖಾನೆ ಎಂದರು. ಅಣ್ಣನಾದರೆ ಕಲೆ, ಸ್ಟುಡಿಯೋ ಆದರೆ ಕಾರ್ಖಾನೆಯೇ?

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ಆವ್ರಿಲ್ ಲವೀನ್. ಮೊದಲ ಆಲ್ಬಮ್‌ನ ದೊಡ್ಡ ಹಾಡುಗಳಿಗೆ ಕಾರಣವಾದ ದ ಮ್ಯಾಟ್ರಿಕ್ಸ್ ಎಂಬ ತಂಡವನ್ನು ಎರಡನೆಯದಕ್ಕೆ ದೂರವಿಟ್ಟು, 2004ರಲ್ಲಿ ಹತ್ತೊಂಬತ್ತರ ಹರೆಯದಲ್ಲಿ ಹೆಚ್ಚು ಮಬ್ಬು ಬಣ್ಣದ 'ಅಂಡರ್ ಮೈ ಸ್ಕಿನ್' ತಂದರು. ಅದೂ ಮೊದಲ ಸ್ಥಾನಕ್ಕೇ ಬಂತು. ಆದ್ದರಿಂದ ಗುರುವನ್ನು ಬದಲಿಸಿದರೆ ಸೋಲು ಖಚಿತವೆಂಬ ಮಾತೂ ಸುಳ್ಳು.

ಉತ್ತರಧ್ರುವ:
ಬ್ರಿಟ್ನಿಯವರೂ ಆಮೇಲೆ ಬದಲಿಸಿದರು. 2001ರ ಮೂರನೆಯ ಆಲ್ಬಮ್‌ಗೆ ತಮ್ಮ ಹೆಸರನ್ನೇ ಇಟ್ಟು, ದ ನೆಪ್ಚೂನ್ಸ್ ಎಂಬ ಸಂಗೀತ ನಿರ್ಮಾಪಕರ ಜೋಡಿಯನ್ನು ಕರೆತಂದು, ಐದು ಹಾಡುಗಳ ರಚನೆಯಲ್ಲಿ ಪಾಲುಗೊಂಡರು. ಅಮೆರಿಕದಲ್ಲಿ ಮೊದಲ ವಾರದ ಮಾರಾಟ ಸುಮಾರು 7.45 ಲಕ್ಷ. ಮೊದಲ ಸ್ಥಾನವೇನೋ ಸಿಕ್ಕಿತು, ಆದರೆ ಪತ್ರಿಕೆಗಳು ಅದನ್ನು ಇಳಿಕೆ ಎಂದೇ ಬರೆದವು. ಅಡ್ಡಪಲ್ಲವಿಯವರ ಸೂತ್ರದಂತೆ ನೋಡಿದರೆ, ಅದು 'ಊಪ್ಸ್' ಆಲ್ಬಮ್ಮಿಗೆ ಜನರು ತಡವಾಗಿ ಹಾಕಿದ ಓಟು.

ಅಡ್ಡಪಲ್ಲವಿ:
ನನ್ನದೇ ಕೋಲಿನಿಂದ ನನಗೇ ಹೊಡೆತ. ಒಪ್ಪಿದೆ, ಒಪ್ಪಿದೆ.

ಹಳೇಕ್ಯಾಸೆಟ್:
ಮೂರು ದಿನಗಳಿಂದ ಎಲ್ಲವನ್ನೂ ಓದುತ್ತಿದ್ದೆ, ಬರೆಯಲು ಬಿಡುವಾಗಲಿಲ್ಲ. ನಿನ್ನೆ ಸಂಜೆ ಸಂಜೆಗತ್ತಲು ಅವರ ಮಾತನ್ನು ಪರೀಕ್ಷಿಸೋಣವೆಂದು ಮಗಳನ್ನು ಕೂರಿಸಿಕೊಂಡು, ಏನನ್ನೂ ವಿವರಿಸದೆ, ಮೊದಲು ಹಳೆಯ ಶೀರ್ಷಿಕೆ ಗೀತೆಯನ್ನೂ ಅದರ ಬೆನ್ನಿಗೇ 'ಸ್ಟ್ರಾಂಗರ್' ಹಾಡನ್ನೂ ಹಾಕಿದೆ. ಮೊದಲ ಬಾರಿ ಪಲ್ಲವಿ ಬಂದಾಗ ಆಕೆ ಫೋನ್ ನೋಡುತ್ತಿದ್ದಳು. ಎರಡನೆಯ ಬಾರಿ ಬಂದಾಗ ತಲೆಯೆತ್ತಿ, "ಇವಳು ಆಗ ಒಂಟಿತನ ಕೊಲ್ಲುತ್ತಿದೆ ಎಂದಿದ್ದಳಲ್ಲವೇ, ಈಗ ಇಲ್ಲ ಎನ್ನುತ್ತಿದ್ದಾಳೆ?" ಎಂದಳು. ಹೌದೆಂದೆ. "ಹಾಗಾದರೆ ಮೂರನೆಯದರಲ್ಲಿ ಏನು ಹೇಳಿದಳು?" ಎಂದು ಕೇಳಿದಳು. ನನ್ನ ಡಬ್ಬಿಯಲ್ಲಿ ಇರುವುದು ಎರಡೇ ಕ್ಯಾಸೆಟ್ಟುಗಳು. ಮೂರನೆಯದು ಬರುವ ಹೊತ್ತಿಗೆ ನಾನು ಕಾಲೇಜು ಸೇರಿದ್ದೆ, ಬ್ರಿಟ್ನಿ ಹಾಡು ಕೇಳುತ್ತೇನೆಂದು ಗೆಳೆಯರ ಮುಂದೆ ಹೇಳಿಕೊಳ್ಳಲು ನಾಚಿಕೆಯಾಗಿ ಕೊಂಡಿರಲಿಲ್ಲ. ಇಂದು ರಾತ್ರಿ ಇಬ್ಬರೂ ಕೂತು ಕೇಳುವವರಿದ್ದೇವೆ.

ಒಂಟಿಸಾಲು:
ಕೇಳಿ ಬಂದು ಬರೆಯಿರಿ, ಆದರೆ ಅದಕ್ಕೆ ಬೇರೆ ಚರ್ಚೆ ತೆರೆಯಿರಿ; ಇಲ್ಲದಿದ್ದರೆ ಪಂಡಿತರು ಪಟ್ಟಿ ಹಿಡಿದು ಇಲ್ಲಿಗೇ ಬರುತ್ತಾರೆ.